ಸೆಕೆಂಡ್ ಹ್ಯಾಂಡ್ ಬ್ಯಾಟು: ಕುಡಿದ ನೀರು, ಉಳಿದ ನಡುಕ

ಕೈಯಲ್ಲಿ ಕೆತ್ತಿದ ಇಂಗ್ಲಿಷ್ ವಿಲೋ ಮರದ ಕ್ರಿಕೆಟ್ ಬ್ಯಾಟು ಅರ್ಧ ಬೆಲೆಗೆ ಸಿಗುತ್ತಿದೆ ಅಂದರೆ, ಕಳೆದ ಮಳೆಗಾಲ ಅದು ಎಲ್ಲಿತ್ತು ಅಂತ ಮೊದಲು ಕೇಳಿ. ಕಡೂರು, ಅರಸೀಕೆರೆ ಕಡೆಯ ಒಣ ಹವೆಯಲ್ಲಿದ್ದ ಬ್ಯಾಟಿಗೂ, ಸಕಲೇಶಪುರ ಅಥವಾ ಮೂಡಿಗೆರೆಯ ತೋಟದ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲೆ ಹಿಡಿದು ನಿಂತಿದ್ದ ಬ್ಯಾಟಿಗೂ ತಕ್ಕಡಿಯಲ್ಲೇ ವ್ಯತ್ಯಾಸ ಸಿಗುತ್ತದೆ.

ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65ರ ಆಸುಪಾಸಿನಲ್ಲಿದ್ದರೆ ಮರದೊಳಗಿನ ನೀರು ಅದರ ಒಣ ತೂಕದ ಸುಮಾರು ಶೇ. 12. ಆರ್ದ್ರತೆ ಶೇ. 90ಕ್ಕೆ ಏರಿ ವಾರಗಟ್ಟಲೆ ಇಳಿಯದಿದ್ದರೆ ಅದು ಶೇ. 20ರ ಹತ್ತಿರ ಹೋಗುತ್ತದೆ. ಬ್ಯಾಟಿನಲ್ಲಿ ವಿಲೋ ಭಾಗವೇ 950 ಗ್ರಾಂ ಇದ್ದರೆ ಇಷ್ಟರಿಂದಲೇ 65–70 ಗ್ರಾಂ ಕೂಡಿಕೊಳ್ಳುತ್ತದೆ, ಎರಡು ಔನ್ಸ್‌ಗೂ ಮಿಕ್ಕಿ. ಎಣ್ಣೆ ಮತ್ತು ಮುಖದ ಮೇಲಿನ ಪಾರದರ್ಶಕ ಹಾಳೆ ಇದನ್ನು ನಿಧಾನ ಮಾಡುತ್ತವೆ ಅಷ್ಟೇ. ಮಾರುವವರು 'ಎರಡು ಎಂಟು' ಅಂದಿದ್ದು, ಎಂದರೆ ಎರಡು ಪೌಂಡ್ ಎಂಟು ಔನ್ಸ್ ಅಥವಾ 1,134 ಗ್ರಾಂ, ಸುಳ್ಳೇ ಆಗಬೇಕಿಲ್ಲ. ಕೆತ್ತಿದ ದಿನದ ತೂಕ ಇರಬಹುದು. ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ. ಒಲೆಯ ಮೇಲಿನ ಅಟ್ಟದಲ್ಲೋ ಕಾಫಿ ಕಣದ ಬಿಸಿಲಲ್ಲೋ ಒಣಗಿಸಿದ ಬ್ಯಾಟು ಹಗುರವಾಗಿ ಮನಸ್ಸು ಸೆಳೆಯುತ್ತದೆ, ಆದರೆ ಪೆಡಸಾದ ಆ ಮರ ಕಾಲಬುಡಕ್ಕೆ ಬೀಳುವ ಒಂದು ಯಾರ್ಕರ್‌ಗೆ ಟೋ, ಎಂದರೆ ಕೆಳತುದಿಯ, ಕಡೆಯಿಂದ ಸೀಳಬಹುದು.

ನೆಟ್ಸ್‌ನಲ್ಲಿ ಅಭ್ಯಾಸಕ್ಕೆ ಇಳಿಯುವ ಮುಂಚೆ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ಪನ್ನು ಮೇಲಕ್ಕೆ ಸುರುಳಿ ಸುತ್ತಿ ಒಳಗಿನ ದಾರದ ಬಿಗಿ ನೋಡಿ. ಬ್ಲೇಡನ್ನು, ಎಂದರೆ ಚೆಂಡು ಹೊಡೆಯುವ ಅಗಲ ಭಾಗವನ್ನು, ಮೊಣಕಾಲುಗಳ ನಡುವೆ ಒತ್ತಿಟ್ಟು ಹ್ಯಾಂಡಲ್ಲನ್ನು ತಿರುಚಿದಾಗ ಕಿರುಗುಟ್ಟಿದರೆ, ಬೆತ್ತದ ಹ್ಯಾಂಡಲ್ ಬ್ಲೇಡಿನೊಳಗೆ ವಿ ಆಕಾರದಲ್ಲಿ ಕೂರುವ ಸ್ಪ್ಲೈಸ್‌ನ ಅಂಟು ಬಿಟ್ಟಿರುವ ಸಂಭವ ಹೆಚ್ಚು. ಮುಖದ ಮೇಲಿನ ಕೂದಲೆಳೆಯ ಬಿರುಕುಗಳಿಗೆ ಹೆದರಬೇಕಿಲ್ಲ. ಎಳೆಗೆ ಅಡ್ಡಲಾಗಿ ಹೋದ ಬಿರುಕು ಕಂಡರೆ ಚೌಕಾಸಿ ಮಾಡುವುದೂ ದಂಡ. ಕೈಕೆತ್ತನೆಯಲ್ಲಿ ಎರಡು ಬ್ಯಾಟು ಒಂದೇ ಅಳತೆಗೆ ಬರುವುದು ಅಪರೂಪವಾದ್ದರಿಂದ ಸ್ಕೇಲೂ ಜೊತೆಗಿರಲಿ. 2017ರಿಂದ ನಿಯಮದ ಮಿತಿ ಅಗಲಕ್ಕೆ 108 ಮಿ.ಮೀ., ದಪ್ಪಕ್ಕೆ 67, ಅಂಚಿಗೆ 40.

ಇನ್ನು ಮಿಡಲ್, ಎಂದರೆ ಏಟು ಬಿದ್ದರೆ ಚೆಂಡು ಚೆನ್ನಾಗಿ ಹೊರಡುವ ಜಾಗ. ಹ್ಯಾಂಡಲ್ಲಿನ ಮೇಲ್ಭಾಗವನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು ಬ್ಯಾಟನ್ನು ನೇತುಬಿಡಿ. ಮರದ ಸುತ್ತಿಗೆಯಿಂದ ಟೋನಿಂದ ಮೇಲಕ್ಕೆ ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಬೆರಳಿಗೆ ಬರುವ ನಡುಕ ಒಂದು ಕಡೆ, ಸಾಮಾನ್ಯವಾಗಿ ಟೋನಿಂದ 15 ಸೆಂ.ಮೀ. ಆಸುಪಾಸಿನಲ್ಲಿ, ಥಟ್ಟನೆ ಕಡಿಮೆಯಾಗುತ್ತದೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಏಟು ಬಿದ್ದಾಗ ಬ್ಯಾಟು ಬಿಲ್ಲಿನಂತೆ ಅತ್ತಿತ್ತ ಬಾಗುತ್ತದೆ. ಹಾಗೆ ಬಾಗುವಾಗಲೂ ಅಲುಗದೆ ಉಳಿಯುವ ಎರಡು ಜಾಗಗಳಲ್ಲಿ ಒಂದು ಹ್ಯಾಂಡಲ್ಲಿನಲ್ಲಿದೆ, ಇನ್ನೊಂದು ನೀವು ಗುರುತು ಹಾಕಿದ ಈ ಜಾಗ. ತಟ್ಟುವಾಗ ಎಲ್ಲಾದರೂ ಜರ್ರೆಂಬ ಸದ್ದು ಕೇಳಿದರೆ ಒಳಗೆ ಪದರ ಬಿಟ್ಟಿದೆ.

ಚೆಂಡು ಬ್ಯಾಟಿಗೆ ತಾಗಿರುವುದು ಸುಮಾರು ಒಂದು ಮಿಲಿಸೆಕೆಂಡು ಮಾತ್ರ. ಅಂಗೈ ಜುಮ್ಮೆನ್ನುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಅಂದರೆ ಆ ಜುಮ್ಮು ಚೆಂಡಿಗೆ ಸಿಗದೆ ಬ್ಯಾಟಿನಲ್ಲೇ ಉಳಿದ ಶಕ್ತಿ. ಗಟ್ಟಿಯಾಗಿ ಹಿಡಿದರೆ ಚೆಂಡು ಜೋರಾಗಿ ಹೋಗುತ್ತದೆ ಎಂಬ ಮೈದಾನದ ನಂಬಿಕೆಗೂ ಇಲ್ಲೇ ಪೆಟ್ಟು: ಹಿಡಿತದ ಪ್ರಭಾವ ಅಷ್ಟರೊಳಗೆ ಚೆಂಡಿನವರೆಗೆ ಹೋಗಿ ಮುಟ್ಟುವುದೇ ಇಲ್ಲ.

ಹಾಗಾಗಿ ನೆಟ್ಸ್‌ನಲ್ಲಿ ನೋಡಬೇಕಾದ್ದು ನಿಮ್ಮ ಏಟು ಎಲ್ಲಿ ಬೀಳುತ್ತದೆ, ಈ ಬ್ಯಾಟಿನ ಗುರುತು ಎಲ್ಲಿದೆ ಎಂಬ ಎರಡನ್ನೂ ಒಟ್ಟಿಗೆ. ಹಳೇ ಕೆಂಪು ಕಲೆಗಳು ಹಿಂದಿನ ಮಾಲೀಕರ ಆಟವನ್ನು ಹೇಳುತ್ತವೆ, ನಿಮ್ಮದನ್ನಲ್ಲ. ಟೋನಿಂದ 25 ಸೆಂ.ಮೀ. ಎತ್ತರದವರೆಗೆ ಬಿಳಿ ಮಾಸ್ಕಿಂಗ್ ಟೇಪ್ ಅಂಟಿಸಿ. ಹೊಸ ಚೆಂಡು ಬೇಡ, ಅದರ ಗಡಸು ಹೊಲಿಗೆ ಒಣ ಮರವನ್ನು ಕಚ್ಚುತ್ತದೆ. ಮೆತ್ತಗಾದ ಹಳೇ ಲೆದರ್ ಚೆಂಡು ತನ್ನಿ. ಮೊದಲು 10–12 ಗಜದಿಂದ ಎಸೆಸಿಕೊಂಡು ಎರಡು ಓವರ್ ಬರೀ ಡಿಫೆನ್ಸ್, ಆಮೇಲೆ ಡ್ರೈವ್, ಕೊನೆಗೆ ಪೂರ್ತಿ ದೂರದ ಬೌಲಿಂಗ್. ಪ್ರತಿ ಹಂತಕ್ಕೂ ಟೇಪ್ ಬದಲಿಸಿ. ಕಲೆಗಳ ಗುಂಪು ಪೆನ್ಸಿಲ್ ಗುರುತಿನಿಂದ ಐದಾರು ಸೆಂಟಿಮೀಟರ್ ಮೇಲೆ ಕೂತಿದ್ದರೆ ಬ್ಯಾಟು ಕೆಟ್ಟದ್ದಲ್ಲ, ಅದರ ಮಿಡಲ್ ನಿಮಗೆ ತೀರಾ ಕೆಳಗಿದೆ. ನಾರಿನ ಮ್ಯಾಟಿಂಗ್ ಮೇಲೆ ಆಡುವವರಿಗೆ ಇದು ಹೆಚ್ಚು, ಯಾಕೆಂದರೆ ಅಲ್ಲಿ ಚೆಂಡು ಪುಟಿದು ಮೇಲೆ ಬರುತ್ತದೆ. ಅದೇ ಮ್ಯಾಟು ಟೋವನ್ನು ಉಜ್ಜುಕಾಗದದಂತೆ ಸವೆಸುವುದರಿಂದ ಅಲ್ಲಿ ಟೋ ಗಾರ್ಡ್ (ಕೆಳತುದಿಯ ಕವಚ) ಇಲ್ಲದೆ ಗಾರ್ಡ್ ತೆಗೆದುಕೊಳ್ಳಬೇಡಿ.

ಮಿಡಲ್ ಹೊಂದಿತು, ತೂಕ ಮಾತ್ರ ಜಾಸ್ತಿ ಅಂದರೆ ತಕ್ಷಣ ಎಣ್ಣೆ ಸವರಬೇಡಿ, ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಗಾಳಿಯಾಡುವ ನೆರಳಲ್ಲಿ ಅಡ್ಡ ಮಲಗಿಸಿ, ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದೆ ನಿಂತ ಮೇಲೆ ಒಂದು ಚಮಚ ಹಸಿ ಅಗಸೆ ಎಣ್ಣೆಯನ್ನು ಹಾಳೆಯಿಲ್ಲದ ಬರೀ ಮರಕ್ಕೆ, ಸ್ಪ್ಲೈಸ್ ಬಿಟ್ಟು, ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ ಒಂದು ದಿನ ಬಿಡಿ. ಪೇಂಟ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆ ಬೇಡ, ಅದು ಮೇಲೆಯೇ ಪೊರೆಗಟ್ಟುತ್ತದೆ.