ಏಕಕಾಲದಲ್ಲಿ ಎರಡು ಮಾನಸಿಕ ಕೆಲಸಗಳು: ಮಿದುಳಿನೊಳಗಿನ ಸರತಿಯ ಲೆಕ್ಕ

ದ್ವಿಕಾರ್ಯ ಪ್ರಯೋಗಗಳ, ಎಂದರೆ ಒಬ್ಬರಿಂದಲೇ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿಸಿ ನೋಡುವ ಪ್ರಯೋಗಗಳ ಅಧ್ಯಾಯವನ್ನು ಓದುವಾಗ ನಾನು ಮಿದುಳಿನ ಚಿತ್ರಗಳನ್ನು ತಲುಪುವ ಮೊದಲೇ ಒಂದು ರೇಖಾಚಿತ್ರದ ಮುಂದೆ ಮೂರು ದಿನ ನಿಂತುಬಿಟ್ಟಿದ್ದೆ. ಅದು ಬಿಡಿಸಿಕೊಂಡ ಮೇಲೆ ಮುಂದಿನದೆಲ್ಲ ತಾನಾಗಿ ಅರ್ಥವಾಯಿತು. ಆದಕಾರಣ ಈ ಟಿಪ್ಪಣಿಯಲ್ಲಿ ಆ ಒಂದು ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕಾರ್ಟೆಕ್ಸ್‌ನ (ಮಿದುಳಿನ ಹೊರಪದರದ) ವಿಭಾಗಗಳು ಯಾವುವು, ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಫಂಕ್ಷನಲ್ ಎಂಆರ್‌ಐ ಏನನ್ನು ಅಳೆಯುತ್ತದೆ ಎಂಬುದು ಓದುವವರಿಗೆ ತಿಳಿದಿದೆ ಎಂದು ಭಾವಿಸಿದ್ದೇನೆ.

ಎಲ್ಲಿ ಎಂಬ ಪ್ರಶ್ನೆ

ಎರಡು ಕೆಲಸಗಳು ಮಿದುಳಿನ ಬೇರೆ ಬೇರೆ ಭಾಗಗಳನ್ನು ಬಳಸುವುದಾದರೆ ಅವು ಒಂದಕ್ಕೊಂದು ಅಡ್ಡಿಯಾಗಬಾರದು ಎಂದು ಯಾರಿಗಾದರೂ ತೋರುತ್ತದೆ. ಹಾಗಿದ್ದರೆ ಎರಡನ್ನೂ ಒಟ್ಟಿಗೆ ಮಾಡುವಾಗಿನ ಚಟುವಟಿಕೆಯು ಬಿಡಿಬಿಡಿಯಾಗಿ ಮಾಡುವಾಗಿನ ಚಟುವಟಿಕೆಗಳ ಮೊತ್ತಕ್ಕೆ ಹೆಚ್ಚುಕಡಿಮೆ ಸಮನಾಗಿರಬೇಕು. ಮಾರ್ಸೆಲ್ ಜಸ್ಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಒಂದು ಕೆಲಸ ಕಿವಿಗೆ ಬೀಳುವ ವಾಕ್ಯಗಳನ್ನು ಅರ್ಥಮಾಡಿಕೊಳ್ಳುವುದು, ಇನ್ನೊಂದು ಮೂರು ಆಯಾಮದ ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು. ಮೊದಲನೆಯದು ಮುಖ್ಯವಾಗಿ ಟೆಂಪೊರಲ್ (ಕಿವಿಯ ಪಕ್ಕದ) ಭಾಗವನ್ನೂ ಎರಡನೆಯದು ಪರೈಟಲ್ (ನೆತ್ತಿಯ ಹಿಂಬದಿಯ) ಭಾಗವನ್ನೂ ಬಳಸುತ್ತವೆ. ಆದರೂ ಎರಡನ್ನು ಕೂಡಿಸಿ ಮಾಡಿದಾಗ ಚಟುವಟಿಕೆಯು ಬಿಡಿ ಮೊತ್ತಕ್ಕಿಂತ ಗಣನೀಯವಾಗಿ ಕಡಿಮೆಯಿತ್ತು. ಇದೇ ತಂಡದವರು 2008ರಲ್ಲಿ ಸಿಮ್ಯುಲೇಟರ್‌ನಲ್ಲಿ ವಾಹನ ಓಡಿಸುತ್ತಿದ್ದವರಿಗೆ ವಾಕ್ಯಗಳನ್ನು ಕೇಳಿಸಿ ಅವು ಸರಿಯೋ ತಪ್ಪೋ ಎಂದು ನಿರ್ಣಯಿಸಲು ಹೇಳಿದಾಗ, ಚಾಲನೆಗೆ ಸಂಬಂಧಿಸಿದ ಪರೈಟಲ್ ಚಟುವಟಿಕೆ ಶೇಕಡಾ 37ರಷ್ಟು ಇಳಿಯಿತು ಮತ್ತು ಚಾಲನೆಯ ಹಿಡಿತವೂ ಸಡಿಲವಾಯಿತು.

ಇದಕ್ಕೂ ಮೊದಲು, 1995ರಲ್ಲಿ, ಮಾರ್ಕ್ ಡೆಸ್ಪೊಸಿಟೊ ಮತ್ತು ಸಂಗಡಿಗರು ಪದಗಳ ಅರ್ಥವನ್ನು ನಿರ್ಣಯಿಸುವ ಕೆಲಸವನ್ನೂ ಆಕೃತಿ ತಿರುಗಿಸುವ ಕೆಲಸವನ್ನೂ ಜೋಡಿಸಿ, ಡಾರ್ಸೊಲ್ಯಾಟರಲ್ ಪ್ರೀಫ್ರಂಟಲ್ ಕಾರ್ಟೆಕ್ಸ್ (ಹಣೆಯ ಹಿಂದೆ ಮೇಲ್ಪಕ್ಕದಲ್ಲಿರುವ ಭಾಗ) ಜೋಡಿ ಸ್ಥಿತಿಯಲ್ಲಿ ಮಾತ್ರ ಸಕ್ರಿಯವಾಯಿತೆಂದು ವರದಿ ಮಾಡಿದ್ದರು. ಒಂದು ಕಡೆ ಚಟುವಟಿಕೆ ಕುಗ್ಗುತ್ತದೆ, ಇನ್ನೊಂದು ಕಡೆ ಹೊಸ ಭಾಗ ಸೇರಿಕೊಳ್ಳುತ್ತದೆ. ಎಲ್ಲಿ ಎಂಬ ಪ್ರಶ್ನೆಯನ್ನಷ್ಟೇ ಹಿಡಿದುಕೊಂಡು ಹೊರಟರೆ ಇವೆರಡನ್ನೂ ಹೊಂದಿಸುವ ದಾರಿ ನನಗೆ ಕಾಣಲಿಲ್ಲ. ಯಾವಾಗ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗಲೇ ವಿಷಯ ತೆರೆದುಕೊಂಡಿತು.

ಯಾವಾಗ ಎಂಬ ಪ್ರಶ್ನೆ: ನಾನು ಸಿಕ್ಕಿಕೊಂಡ ಜಾಗ

ಪ್ರಯೋಗ ಸರಳವಾದದ್ದು. ಮೊದಲು ಒಂದು ಧ್ವನಿ ಕೇಳಿಸುತ್ತದೆ. ಅದು ತಾರವೋ ಮಂದ್ರವೋ ಎಂದು ಹೇಳಬೇಕು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಅಕ್ಷರ ಮೂಡುತ್ತದೆ. ಅದಕ್ಕೆ ತಕ್ಕ ಗುಂಡಿ ಒತ್ತಬೇಕು. ಧ್ವನಿಗೂ ಅಕ್ಷರಕ್ಕೂ ನಡುವಿನ ಅಂತರ ಕಡಿಮೆಯಾದಷ್ಟೂ ಅಕ್ಷರಕ್ಕೆ ಉತ್ತರಿಸುವುದು ತಡವಾಗುತ್ತದೆ. ಟೆಲ್ಫರ್ಡ್ 1931ರಲ್ಲೇ ಇಂತಹ ವಿಳಂಬವನ್ನು ಗುರುತಿಸಿದರು. ಇದನ್ನು ಸೈಕಲಾಜಿಕಲ್ ರಿಫ್ರ್ಯಾಕ್ಟರಿ ಪೀರಿಯಡ್ ಎಂದು ಕರೆಯುತ್ತಾರೆ. ವೆಲ್ಫರ್ಡ್ 1952ರಲ್ಲಿ ಇದಕ್ಕೆ ಕಾರಣ ಒಂದೇ ದಾರಿಯ ಇಕ್ಕಟ್ಟು ಎಂದು ವಾದಿಸಿದರು. ಹೆರಾಲ್ಡ್ ಪ್ಯಾಶ್ಲರ್ ಆ ಇಕ್ಕಟ್ಟು ಪ್ರತಿಕ್ರಿಯೆಯನ್ನು ಆಯ್ಕೆಮಾಡುವ ಹಂತದಲ್ಲಿದೆ ಎಂಬುದನ್ನು ತರ್ಕಬದ್ಧವಾಗಿ ತೋರಿಸಿದರು. ನನ್ನನ್ನು ತಡೆದದ್ದು ಆ ತರ್ಕವೇ.

ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡ ಸಂಖ್ಯೆಗಳು ಇವು: ಪ್ರತಿ ಕೆಲಸದಲ್ಲೂ ಗ್ರಹಿಕೆಗೆ 100, ಆಯ್ಕೆಗೆ 200, ಕೈ ಅಥವಾ ಬಾಯಿಯ ಚಲನೆಗೆ 100 ಮಿಲಿಸೆಕೆಂಡ್. ಬಿಡಿಯಾಗಿ ಮಾಡಿದರೆ ಪ್ರತಿಯೊಂದಕ್ಕೂ 400. ಗ್ರಹಿಕೆ ಮತ್ತು ಚಲನೆ ಬೇರೊಂದರ ಜೊತೆಜೊತೆಗೇ ನಡೆಯಬಲ್ಲವು, ಆಯ್ಕೆ ಮಾತ್ರ ಒಂದಾದ ಮೇಲೆ ಒಂದು ಎಂಬುದೇ ನಿಯಮ. ಧ್ವನಿ 0ಯಲ್ಲಿ ಬಂದರೆ ಅದರ ಆಯ್ಕೆ 100ರಿಂದ 300ರವರೆಗೆ ನಡೆಯುತ್ತದೆ. ಅಕ್ಷರ 50ರಲ್ಲಿ ಬಂದರೆ ಅದರ ಗ್ರಹಿಕೆ 150ಕ್ಕೆ ಮುಗಿಯುತ್ತದೆ, 300ರವರೆಗೆ ಕಾಯುತ್ತದೆ, ಆಯ್ಕೆ 500ಕ್ಕೆ ಮುಗಿದು ಉತ್ತರ 600ಕ್ಕೆ ಬರುತ್ತದೆ. ಪ್ರತಿಕ್ರಿಯೆಯ ಅವಧಿಯನ್ನು ಅಕ್ಷರ ಬಂದ ಗಳಿಗೆಯಿಂದ ಎಣಿಸಬೇಕು, ಧ್ವನಿ ಬಂದ ಗಳಿಗೆಯಿಂದಲ್ಲ. ಆದ್ದರಿಂದ ಅದು 550. ಅಕ್ಷರ 150ರಲ್ಲಿ ಬಂದರೂ ಉತ್ತರ ಬರುವುದು ಅದೇ 600ಕ್ಕೆ, ಆದರೆ ಅವಧಿ 450. ಅಂತರ 100 ಹೆಚ್ಚಿದಾಗ ಅವಧಿ ಸರಿಯಾಗಿ 100 ಇಳಿಯುವುದರ ಗುಟ್ಟು ಇಷ್ಟೇ: ಉತ್ತರದ ಗಳಿಗೆ ಕದಲುವುದಿಲ್ಲ, ಎಣಿಕೆ ಆರಂಭವಾಗುವ ಗಳಿಗೆ ಮಾತ್ರ ಮುಂದೆ ಸರಿಯುತ್ತದೆ. ಅಂತರ 200 ತಲುಪಿದ ಮೇಲೆ ಕಾಯುವಿಕೆಯೇ ಇರುವುದಿಲ್ಲ.

ಈಗ ಕಷ್ಟದ ಹಂತ. ಅಕ್ಷರವನ್ನು ಮಸುಕಾಗಿಸಿ ಅದರ ಗ್ರಹಿಕೆಗೆ 50 ಮಿಲಿಸೆಕೆಂಡ್ ಹೆಚ್ಚು ಬೇಕಾಗುವಂತೆ ಮಾಡೋಣ. ಅಂತರ 300 ಇದ್ದಾಗ ಅವಧಿ 400ರಿಂದ 450ಕ್ಕೆ ಏರುತ್ತದೆ, ಇದು ನಿರೀಕ್ಷಿತ. ಆದರೆ ಅಂತರ 50 ಇದ್ದಾಗ ಮಸುಕಿನ ಪರಿಣಾಮ ಕಾಣಿಸುವುದೇ ಇಲ್ಲ. ಅವಧಿ ಮೊದಲಿನಂತೆಯೇ 550. ಎರಡು ಕೆಲಸಗಳ ಒತ್ತಡ ಹೆಚ್ಚಿರುವಾಗಲೇ ತೊಂದರೆ ಮಾಯವಾಗುವುದು ಹೇಗೆ ಎಂದು ನನಗೆ ಬಹಳ ಕಾಲ ಹೊಳೆಯಲಿಲ್ಲ. ಕೊನೆಗೆ ನನಗೆ ನೆರವಾದದ್ದು ಹಿಟ್ಟಿನ ಗಿರಣಿಯ ಚಿತ್ರ. ಮುಂದಿನವರ ಜೋಳ ಬೀಸುತ್ತಿರುವಾಗ ನಾನು ನನ್ನ ರಾಗಿಯನ್ನು ಹಸನು ಮಾಡುತ್ತಾ ಕೂರುತ್ತೇನೆ. ರಾಗಿಯಲ್ಲಿ ಇನ್ನೊಂದಿಷ್ಟು ಕಲ್ಲಿದ್ದರೂ ನಾನು ಮನೆಗೆ ಹೋಗುವ ಹೊತ್ತು ಬದಲಾಗುವುದಿಲ್ಲ, ಏಕೆಂದರೆ ಆ ಹೊತ್ತನ್ನು ಹೇಗೂ ಕಾದೇ ಕಳೆಯಬೇಕಿತ್ತು. ರಾಗಿಯೇ ಹೆಚ್ಚಿದ್ದರೆ ಮಾತ್ರ ಗಿರಣಿಯೊಳಗಿನ ಸಮಯ ಹೆಚ್ಚುತ್ತದೆ, ಅದನ್ನು ಯಾವ ಕಾಯುವಿಕೆಯೂ ನುಂಗುವುದಿಲ್ಲ. ಹಾಗೆಯೇ ಅಕ್ಷರದ ಆಯ್ಕೆಯನ್ನು 50ರಷ್ಟು ಕಠಿಣಗೊಳಿಸಿದರೆ ಅಂತರ 50 ಇದ್ದಾಗ ಅವಧಿ 600, ಅಂತರ 300 ಇದ್ದಾಗ 450. ಎರಡೂ ಕಡೆ 50 ಸೇರುತ್ತದೆ. ಇಕ್ಕಟ್ಟಿಗೆ ಮೊದಲಿನ ಹಂತದ ವಿಳಂಬ ಸಣ್ಣ ಅಂತರದಲ್ಲಿ ಕರಗುತ್ತದೆ, ಇಕ್ಕಟ್ಟಿನೊಳಗಿನ ಅಥವಾ ನಂತರದ ವಿಳಂಬ ಕರಗುವುದಿಲ್ಲ. ಯಾವ ಹಂತ ಸರತಿಯಲ್ಲಿ ನಿಲ್ಲುತ್ತದೆ ಎಂಬುದನ್ನು ತಲೆಬುರುಡೆಯ ಹೊರಗಿನಿಂದಲೇ, ಬರೀ ಗಡಿಯಾರದಿಂದ ಪತ್ತೆಹಚ್ಚುವ ಈ ಉಪಾಯ ನನಗೆ ಇಡೀ ಅಧ್ಯಾಯದಲ್ಲೇ ಅತ್ಯಂತ ಪ್ರಿಯವಾದದ್ದು.

ಮಿದುಳಿನಲ್ಲಿ ಇದರ ಗುರುತು

ಮೇಲಿನ ಲೆಕ್ಕ ನಿಜವಾದರೆ ಎರಡನೆಯ ಪ್ರಚೋದನೆಯ ಗ್ರಹಿಕೆ ಸಕಾಲದಲ್ಲೇ ನಡೆದು, ನಂತರದ ಹಂತ ಮಾತ್ರ ತಡವಾಗಬೇಕು. ಮರಿಯಾನೊ ಸಿಗ್ಮನ್ ಮತ್ತು ಸ್ಟಾನಿಸ್ಲಾಸ್ ಡೆಹೇನ್ ಅವರ 2008ರ ಅಧ್ಯಯನದಲ್ಲಿ ಇಇಜಿ ತರಂಗಗಳು (ನೆತ್ತಿಯ ಮೇಲಿನಿಂದ ದಾಖಲಿಸುವ ಮಿದುಳಿನ ವಿದ್ಯುತ್ ಸಂಕೇತಗಳು) ಇದನ್ನೇ ತೋರಿಸಿದವು. ಸಂವೇದನೆಯ ಆರಂಭಿಕ ತರಂಗಗಳು ಪ್ರಚೋದನೆಗೆ ಅಂಟಿಕೊಂಡೇ ಇದ್ದವು, ಅವುಗಳ ನಂತರ ಬರುವ ಪಿ3 ಎಂಬ ತರಂಗ ಮಾತ್ರ ತಡವಾಯಿತು.

ಪಾಲ್ ಡಕ್ಸ್, ರೆನೆ ಮರ್ವಾ ಮತ್ತು ಸಂಗಡಿಗರು 2006ರಲ್ಲಿ ಸರತಿಯ ಜಾಗವನ್ನು ಫಂಕ್ಷನಲ್ ಎಂಆರ್‌ಐನಲ್ಲಿ ಹುಡುಕಿದರು. ರಕ್ತದ ಆಮ್ಲಜನಕವನ್ನು ಆಧರಿಸಿದ ಸಂಕೇತ ಶಿಖರ ಮುಟ್ಟಲು ಐದಾರು ಸೆಕೆಂಡು ಹಿಡಿಯುವುದರಿಂದ ಮಿಲಿಸೆಕೆಂಡುಗಳ ಕಾಯುವಿಕೆಯನ್ನು ಅದರಲ್ಲಿ ಕಾಣುವುದು ಸುಲಭವಲ್ಲ. ಆದುದರಿಂದ ಅವರು ಸಂಕೇತದ ಎತ್ತರಕ್ಕಿಂತ ಅದರ ಕಾಲಗತಿಯನ್ನು ಮುಖ್ಯವಾಗಿ ಹೋಲಿಸಿದರು. ಕೇಳಿ ಹೇಳುವ ಕೆಲಸಕ್ಕೂ ನೋಡಿ ಒತ್ತುವ ಕೆಲಸಕ್ಕೂ ಸಮಾನವಾಗಿ ಒದಗಿ, ಆಯ್ಕೆಗಳು ಒಂದಾದ ಮೇಲೊಂದು ನಡೆಯುವುದಕ್ಕೆ ತಕ್ಕ ಕಾಲಗತಿಯನ್ನು ತೋರಿದ್ದು ಲ್ಯಾಟರಲ್ (ಪಕ್ಕದ) ಪ್ರೀಫ್ರಂಟಲ್ ಕಾರ್ಟೆಕ್ಸ್‌ನ ಹಿಂಬದಿ. ಎರಡು ಕೆಲಸಗಳು ಕಣ್ಣು–ಕೈ, ಕಿವಿ–ಬಾಯಿ ಎಂದು ಪೂರ್ತಿ ಬೇರೆಯಾಗಿದ್ದರೂ ಇಲ್ಲಿ ಬಂದು ಸೇರುತ್ತವೆ ಎಂಬುದು ಗಮನಾರ್ಹ.

ಇದೇ ಗುಂಪಿನ 2009ರ ಅಧ್ಯಯನ ಅಭ್ಯಾಸದಿಂದ ಏನಾಗುತ್ತದೆ ಎಂದು ಕೇಳಿತು. ಅಭ್ಯಾಸದ ನಂತರ ವಿಳಂಬ ಬಹಳ ತಗ್ಗಿತು. ಆದರೆ ಅದಕ್ಕೆ ಕಾರಣ ಪ್ರೀಫ್ರಂಟಲ್ ಭಾಗವನ್ನು ಬಿಟ್ಟು ಬೇರೆ ದಾರಿ ಹುಟ್ಟಿಕೊಂಡದ್ದಲ್ಲ, ಆ ಭಾಗದಲ್ಲೇ ಕೆಲಸ ಬೇಗ ಮುಗಿಯತೊಡಗಿದ್ದು ಎಂದು ಅವರು ಕಂಡುಕೊಂಡರು. ನನ್ನ ಸಂಖ್ಯೆಗಳಲ್ಲಿ ಎರಡೂ ಕೆಲಸಗಳ ಆಯ್ಕೆಯನ್ನು 200ರಿಂದ 100ಕ್ಕೆ ಇಳಿಸಿ ನೋಡಿದೆ. ಧ್ವನಿಯ ಆಯ್ಕೆ 200ಕ್ಕೇ ಮುಗಿಯುತ್ತದೆ, 50ರಲ್ಲಿ ಬಂದ ಅಕ್ಷರದ ಉತ್ತರ 400ಕ್ಕೆ ಬರುತ್ತದೆ, ಅವಧಿ 350. ಬಿಡಿಯಾಗಿ ಮಾಡಿದಾಗಿನ 300ಕ್ಕೆ ಹೋಲಿಸಿದರೆ ಹೆಚ್ಚುವರಿ ವಿಳಂಬ 150ರಿಂದ 50ಕ್ಕೆ ಇಳಿದಿದೆ. ಅಂತರ 100 ದಾಟಿದರೆ ಅದೂ ಇರುವುದಿಲ್ಲ, ಅಂತರವನ್ನು 0ಗೆ ತಂದರೆ ಮಾತ್ರ 100 ಮಿಲಿಸೆಕೆಂಡ್ ಕಾಯುವಿಕೆ ಮತ್ತೆ ಕಾಣಿಸಿಕೊಳ್ಳುತ್ತದೆ.