ಆ ಒಂದು ನಿಮಿಷ ಸುಮ್ಮನೆ ಕೂತಿರಿ

‘ಸೌಂಡ್ ಆಮೇಲೆ ಹಾಕ್ಕೊಳ್ಳೋಣ ಬಿಡಿ.’ ಸಾಕ್ಷ್ಯಚಿತ್ರ ಮಾಡುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ನನ್ನದು ಸೌಂಡ್ ಎಡಿಟಿಂಗ್ ಕೆಲಸ. ದೃಶ್ಯಗಳ ಜೋಡಣೆ ಮುಗಿದ ಮೇಲೆ ಚಿತ್ರ ನನ್ನ ಕೈಗೆ ಬರುತ್ತದೆ. ಒಳ್ಳೊಳ್ಳೆ ಡ್ರೋನ್ ಶಾಟ್‌ಗಳಿರುತ್ತವೆ. ಕಷ್ಟಪಟ್ಟು ಓದಿ ಬರೆದ ನಿರೂಪಣೆ ಇರುತ್ತದೆ. ಆ ಜಾಗದ ಸದ್ದು ಮಾತ್ರ ಇರುವುದಿಲ್ಲ. ಯಾಕೆ ಅಂತ ಕೇಳಿದರೆ, ‘ರೆಡಿಮೇಡ್ ಸದ್ದುಗಳ ಲೈಬ್ರರಿಯಲ್ಲಿ ಹಕ್ಕಿ ಸದ್ದು ಸಿಗುತ್ತಲ್ವಾ?’ ಅನ್ನುತ್ತಾರೆ.

ಸಿಗುತ್ತದೆ. ಆದರೆ ಯಾವ ಹಕ್ಕಿಯದು? ಅಮೆರಿಕದ ಬಾಲ್ಡ್ ಈಗಲ್ ತೆರೆ ಮೇಲೆ ಬಂದಾಗ ಗಡಸಾದ ಒಂದು ಚೀತ್ಕಾರ ಕೇಳಿಸುತ್ತದೆ. ಬಹಳ ಸಲ ಅದು ರೆಡ್-ಟೇಲ್ಡ್ ಹಾಕ್ ಅನ್ನುವ ಬೇರೆ ಹಕ್ಕಿಯ ಕೂಗು. ಈಗಲ್‌ನ ನಿಜವಾದ ದನಿ ಕೀಚಲು, ಸಣ್ಣದು. ಗಂಭೀರವಾಗಿ ಕೇಳಿಸುವುದಿಲ್ಲ ಅಂತ ಬದಲಾಯಿಸುತ್ತಾರೆ. ‘ರಿಬ್ಬಿಟ್ ರಿಬ್ಬಿಟ್’ ಅನ್ನುವ ಕಪ್ಪೆ ಇರುವುದು ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ. ಹಾಲಿವುಡ್‌ನವರ ಮೈಕಿಗೆ ಹತ್ತಿರದಲ್ಲೇ ಸಿಕ್ಕಿತು, ಹಾಗಾಗಿ ಸಿನಿಮಾಗಳಲ್ಲಿ ಎಲ್ಲೆಲ್ಲಿಯ ಕಪ್ಪೆಗೂ ಅದರದೇ ದನಿ. ಆಸ್ಟ್ರೇಲಿಯಾದ ಕೂಕಬರಾ ಹಕ್ಕಿ ಆಫ್ರಿಕಾದ ಕಾಡಿನ ಕಥೆಗಳಲ್ಲಿ ಕೂಗಿದೆ. ಕಥಾಚಿತ್ರದಲ್ಲಿ ಇದು ನಡೆದುಹೋಗುತ್ತದೆ. ‘ಇಲ್ಲಿರುವುದೇ ಇದು’ ಅಂತ ತೋರಿಸುವ ಚಿತ್ರದಲ್ಲಿ ನಡೆಯಬಾರದು. ಹಕ್ಕಿ ಬಲ್ಲವರು ಒಬ್ಬರು ನೋಡಿದರೂ ಸಾಕು, ಮಿಕ್ಕ ವಿಷಯಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಹಾಗಂತ ಆಮೇಲೆ ಹಾಕಿದ ಸದ್ದೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಮುನ್ನೂರು ಮೀಟರ್ ದೂರದ ಪ್ರಾಣಿಯನ್ನು ಲೆನ್ಸ್ ಹತ್ತಿರಕ್ಕೆ ಎಳೆದು ತರುತ್ತದೆ, ಮೈಕ್ ತರುವುದಿಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಆ ಪ್ರಾಣಿಯ ಸದ್ದು ಹೆಚ್ಚುಕಮ್ಮಿ ಒಂದು ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಹಿಂದೆ ನಿಂತವರ ಉಸಿರೇ ಜಾಸ್ತಿ ಕೇಳಿಸುತ್ತಿರುತ್ತದೆ. ಸೆಕೆಂಡಿಗೆ 1000 ಫ್ರೇಮ್ ಹಿಡಿದು 25ರಲ್ಲಿ ಓಡಿಸಿದರೆ ದೃಶ್ಯ 40 ಪಟ್ಟು ನಿಧಾನ. ಸದ್ದನ್ನು ಅಷ್ಟು ಎಳೆದರೆ ಅದು ಏನೂ ಅಲ್ಲದ ಗೊಣಗಾಟ. ಜೇಡದ ನಡಿಗೆಯನ್ನು ಸ್ಟುಡಿಯೋದಲ್ಲೇ ಮಾಡಬೇಕು. ಹಿಮದ ಮೇಲಿನ ಹೆಜ್ಜೆಗೆ ಜೋಳದ ಪಿಷ್ಟ ತುಂಬಿದ ಚೀಲವನ್ನು ಹಿಸುಕುತ್ತೇವೆ. ಹೀಗೆ ಸ್ಟುಡಿಯೋದಲ್ಲಿ ಸದ್ದು ಹುಟ್ಟಿಸುವ ಫೋಲಿ ಕಲಾವಿದರ ಕೆಲಸದ ಮೇಲೆ ನನಗೆ ತುಂಬಾ ಗೌರವ.

ನನ್ನ ತಕರಾರು ಇರುವುದು ಸುಲಭವಾಗಿ ಸಿಗುವುದನ್ನೂ ಬಿಟ್ಟುಬರುವವರ ಮೇಲೆ. ಅದರಲ್ಲೂ ರೂಮ್ ಟೋನ್ ವಿಷಯದಲ್ಲಿ. ಎಷ್ಟು ಹೇಳಿದರೂ ಇದು ತಲೆಗೆ ಹೋಗುವುದಿಲ್ಲ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಯಾರೂ ಮಾತಾಡದಿದ್ದಾಗಲೂ ಕೋಣೆಯಲ್ಲಿ ಸದ್ದಿರುತ್ತದೆ, ಅದೇ ರೂಮ್ ಟೋನ್. ಫ್ಯಾನ್, ಟ್ಯೂಬ್‌ಲೈಟ್, ಹೊರಗಿನ ರಸ್ತೆ, ಗೋಡೆಗೆ ಬಡಿದು ಬರುವ ಸಣ್ಣ ಗುಂಯ್‌ಗುಡುವಿಕೆ. ಎರಡು ಕೋಣೆಗಳ ಮೌನ ಒಂದೇ ಥರ ಇರುವುದಿಲ್ಲ. ಸಂದರ್ಶನದಲ್ಲಿ ಒಂದು ‘ಅಂದ್ರೆ...’ ಕತ್ತರಿಸಿದಿರಿ ಅಂದುಕೊಳ್ಳಿ. ಮಾತಿನ ಜೊತೆಗೆ ಈ ಹಿನ್ನೆಲೆಯೂ ತುಂಡಾಗುತ್ತದೆ. ಅಲ್ಲೊಂದು ತೂತು ಬೀಳುತ್ತದೆ. ಮೇಲೆ ಹಳೇ ಫೋಟೊ ಹಾಕಿ ಕಣ್ಣಿಗೆ ಕಟ್ ಕಾಣದಂತೆ ಮಾಡಬಹುದು. ಕಿವಿಗೆ ಗೊತ್ತಾಗಿಬಿಡುತ್ತದೆ. ಆ ತೂತು ತುಂಬಲು ಅದೇ ಕೋಣೆಯ ಮೌನ ಬೇಕು.

ಒಂದು ಚಿತ್ರದಲ್ಲಿ ನಿವೃತ್ತ ನರ್ಸ್ ಒಬ್ಬರು ತಮ್ಮ ವಾರ್ಡಿನ ದಿನಗಳ ಬಗ್ಗೆ ಮಾತಾಡಿದ್ದರು. ಎಷ್ಟು ಚೆನ್ನಾಗಿ ಮಾತಾಡಿದ್ದರು ಅಂದರೆ, ಕೆಲಸ ನಿಲ್ಲಿಸಿ ಸುಮ್ನೆ ಕೇಳುತ್ತಾ ಕೂತಿದ್ದೇನೆ. ಹಿಂದೆ ಗೋಡೆ ಗಡಿಯಾರ. ಉತ್ತರ ಉದ್ದವಾಯಿತು ಅಂತ ನಿರ್ದೇಶಕರು ಅಲ್ಲಲ್ಲಿ ಕತ್ತರಿಸಿದ್ದರು. ಪ್ರತಿ ಕಟ್‌ನಲ್ಲೂ ಗಡಿಯಾರ ಎಡವುತ್ತಿತ್ತು: ಟಿಕ್, ಟಿಕ್, ಟಿಟಿಕ್. ರೂಮ್ ಟೋನ್ ಕೇಳಿದೆ, ಇಲ್ಲ. ಆಮೇಲೆ ಅವರು ಉಸಿರು ತೆಗೆದುಕೊಳ್ಳುವ ಮುಂಚಿನ ಅರ್ಧರ್ಧ ಸೆಕೆಂಡುಗಳನ್ನು ಹುಡುಕಿ, ಹೆಕ್ಕಿ, ಜೋಡಿಸಿ ಕೂತೆ. ಒಂದೇ ಚೂರನ್ನು ಮತ್ತೆ ಮತ್ತೆ ಹಾಕಿದರೆ ಅದೇ ಒಂದು ತಾಳವಾಗಿ ಕೇಳಿಸಲು ಶುರುವಾಗುತ್ತದೆ, ಹಾಗಾಗಿ ಅದೂ ಆಗದು. ಅಷ್ಟು ಹೊತ್ತು ತಾಳ್ಮೆಯಿಂದ ಮಾತಾಡಿದ ಆಕೆ ಇನ್ನೊಂದು ನಿಮಿಷ ಕೂರುತ್ತಿರಲಿಲ್ವಾ?

ಸಂದರ್ಶನ ಮುಗಿದ ತಕ್ಷಣ, ಯಾರೂ ಏಳುವ ಮುಂಚೆ ಮಾಡಬೇಕಾದ ಕೆಲಸ ಇದು. ಮೈಕ್ ಅಲ್ಲೇ ಇರಲಿ, ರೆಕಾರ್ಡಿಂಗ್ ಲೆವೆಲ್ ಮುಟ್ಟಬೇಡಿ, ಲೈಟ್ ಆರಿಸಬೇಡಿ. ಜನ ಹೊರಗೆ ಹೋದರೆ ಕೋಣೆಯ ಸದ್ದೇ ಬದಲಾಗುತ್ತದೆ, ಯಾಕೆಂದರೆ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರುತ್ತವೆ. ‘ರೂಮ್ ಟೋನ್’ ಅಂತ ಜೋರಾಗಿ ಹೇಳಿ, ಒಂದು ನಿಮಿಷ ರೆಕಾರ್ಡ್ ಮಾಡಿ. ಫ್ರಿಜ್ ಇದ್ದರೆ ಶೂಟಿಂಗಿಗೆ ಮುಂಚೆಯೇ ಆಫ್ ಮಾಡಿ. ಉತ್ತರದ ನಡುವೆ ಅದರ ಮೋಟಾರ್ ನಿಂತುಬಿಟ್ಟರೆ ಆ ಉತ್ತರವನ್ನು ಎಲ್ಲೂ ಜೋಡಿಸಲಾಗುವುದಿಲ್ಲ. ಕಾರಿನ ಕೀಲಿಯನ್ನು ಅದೇ ಫ್ರಿಜ್ ಒಳಗಿಡುವುದು ರೆಕಾರ್ಡಿಸ್ಟ್‌ಗಳ ಹಳೇ ಉಪಾಯ. ವಾಪಸ್ ಆನ್ ಮಾಡದೆ ಮನೆಗೆ ಹೋಗಲು ಆಗುವುದಿಲ್ಲ.

‘ಈಗ ಸಾಫ್ಟ್‌ವೇರ್ ಎಲ್ಲ ಮಾಡುತ್ತಲ್ಲ?’ ಮಾಡುತ್ತದೆ, ನಾನೂ ಬಳಸುತ್ತೇನೆ. ಗದ್ದಲ ತೆಗೆಯುವುದರಲ್ಲಿ ಈಗಿನವು ಚೆನ್ನಾಗಿವೆ. ಸಣ್ಣ ಚೂರಿನಿಂದ ಹಿನ್ನೆಲೆ ಬೆಳೆಸಿಕೊಡುವವೂ ಇವೆ, ಕೆಲವು ಸಲ ಪರವಾಗಿಲ್ಲ ಅನ್ನಿಸುತ್ತದೆ. ಅದಕ್ಕೂ ಆ ಚೂರು ಬೇಕಲ್ಲ. ಇಲ್ಲಿ ಇನ್ನೊಂದು ಎಚ್ಚರ ಹೇಳಬೇಕು. ಸಂಕಟ ಹೇಳಿಕೊಳ್ಳುವವರ ಮಾತಿನ ಹಿಂದೆ ದೂರದ ಆಂಬುಲೆನ್ಸ್ ಸದ್ದು ಹಾಕಿ ಅಂತ ನನ್ನನ್ನು ಕೇಳಿದವರಿದ್ದಾರೆ. ನಾನು ಹಾಕುವುದಿಲ್ಲ. ಅದು ಅಲಂಕಾರ ಅಲ್ಲ, ಸಾಕ್ಷಿ ತಿದ್ದಿದಂತೆ.

ಇತಿಹಾಸದ ಚಿತ್ರಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಮೊದಲ ಮಹಾಯುದ್ಧದ ದೃಶ್ಯಗಳೆಲ್ಲ ಮೂಕಿ. ಅದರಲ್ಲಿ ಕೇಳುವ ಪ್ರತಿ ಫಿರಂಗಿಯೂ ಆಮೇಲೆ ಹಾಕಿದ್ದು. ಆದರೆ ಆಮೇಲಿನ ಕಾಲದ ಕೆಲವು ದೃಶ್ಯಗಳಿಗೆ ಹುಡುಕಿದರೆ ಅವುಗಳದ್ದೇ ಸದ್ದು ಸಿಗುತ್ತದೆ. ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಇಳಿದ ಯಾತ್ರೆಯ ಬಗೆಗಿನ 2019ರ ‘ಅಪೊಲೊ 11’ ಚಿತ್ರದಲ್ಲಿ ನಿರೂಪಣೆಯೇ ಇಲ್ಲ. ಕಂಟ್ರೋಲ್ ರೂಮಿನ ಸದ್ದಿಲ್ಲದ ರೀಲುಗಳಿಗೆ, 1969ರಲ್ಲಿ ಅಲ್ಲೇ ಬೇರೆಯಾಗಿ ರೆಕಾರ್ಡ್ ಆಗಿದ್ದ 11,000 ಗಂಟೆಗೂ ಮಿಕ್ಕಿದ ಧ್ವನಿಯಿಂದ ಆಯಾ ಕ್ಷಣದ ಮಾತನ್ನು ಹುಡುಕಿ ಕೂರಿಸಿದ್ದಾರೆ. ತುಟಿ ಅಲುಗುವುದಕ್ಕೂ ಮಾತಿಗೂ ಹೊಂದುತ್ತದೆ. ಆ ಶ್ರಮ ನೆನೆದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಮಂಗಳ ಗ್ರಹಕ್ಕೂ ಈಗ ಊಹೆಯ ಬಿರುಗಾಳಿ ಬೇಡ. ಪರ್ಸಿವಿಯರೆನ್ಸ್ ರೋವರ್ 2021ರಿಂದ ಅಲ್ಲಿನ ಗಾಳಿಯ ಸದ್ದನ್ನೇ ಕಳಿಸಿದೆ.

ಇನ್ನು ಹೊರಗಡೆ ಒಂದು ನಿಮಿಷ ಸಾಲದು. ಹತ್ತು ನಿಮಿಷವಾದರೂ ಬೇಕು, ಬೆಳಗಿನ ಜಾವದ್ದು ಬೇರೆ, ಮಧ್ಯಾಹ್ನದ್ದು ಬೇರೆ. ಬರ್ನಿ ಕ್ರೌಸ್ ಎಂಬ ರೆಕಾರ್ಡಿಸ್ಟ್ 1988ರಲ್ಲಿ ಕ್ಯಾಲಿಫೋರ್ನಿಯಾದ ಲಿಂಕನ್ ಮೆಡೋ ಅನ್ನುವ ಕಡೆ ಸದ್ದು ಹಿಡಿದಿದ್ದರು. ಆಮೇಲೆ ಅಲ್ಲಿ ಆಯ್ದ ಮರಗಳನ್ನಷ್ಟೇ ಕಡಿದರು. ಮರುವರ್ಷ ಅದೇ ಹೊತ್ತಿಗೆ ಕ್ರೌಸ್ ಮತ್ತೆ ಹೋದರು. ಫೋಟೊದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ರೆಕಾರ್ಡಿಂಗಿನಲ್ಲಿ ಹಕ್ಕಿಗಳ ದನಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕ್ಯಾಮೆರಾ ಮಾತ್ರ ಒಯ್ದಿದ್ದರೆ ‘ಕಾಡಿಗೆ ಏನೂ ಆಗಿಲ್ಲ’ ಅಂತ ಚಿತ್ರ ಮಾಡಿ ಬರಬಹುದಿತ್ತು.

ಇಂಥ ಹೋಲಿಕೆ ಸಾಧ್ಯವಾಗಬೇಕಾದರೆ ಹಳೆಯ ರೆಕಾರ್ಡಿಂಗ್ ಉಳಿದಿರಬೇಕು, ಯಾವ ಜಾಗದ್ದು ಅಂತ ಗೊತ್ತಿರಬೇಕು. ಹಾಗಾಗಿ ಫೈಲಿಗೆ ‘ಸೌಂಡ್ 3’ ಅಂತ ಹೆಸರಿಟ್ಟು ಕಳಿಸಬೇಡಿ. ಜಾಗ, ದಿನಾಂಕ, ಹೊತ್ತು, ಯಾವ ಮೈಕ್ ಅನ್ನುವುದನ್ನು ರೆಕಾರ್ಡಿಂಗಿನ ಶುರುವಿನಲ್ಲೇ ಬಾಯಲ್ಲಿ ಹೇಳಿಬಿಡಿ, ಆಗ ಫೈಲಿನ ಹೆಸರು ಬದಲಾದರೂ ವಿವರ ಹೋಗುವುದಿಲ್ಲ. ಚಿತ್ರ ಬಿಡುಗಡೆಯಾದ ಮೇಲೆ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಮೊದಲು ಅಳಿಸುವುದು ಈ ಫೈಲುಗಳನ್ನೇ. ದಯವಿಟ್ಟು ದೃಶ್ಯದ ರಶಸ್ (ಕತ್ತರಿಸದ ಮೂಲ ಶಾಟ್‌ಗಳು) ಜೊತೆಗೇ ಇಟ್ಟುಕೊಳ್ಳಿ, ಅವು ಹಿಡಿಯುವ ಜಾಗ ತೀರಾ ಕಮ್ಮಿ.