ಮಸಿ ಹಿಡಿದ ಹಳಿಯಲ್ಲಿ ಡಿಕೋಡರ್ ಮರೆಯುವುದೇನು?

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸುವ ದಿನಗಳಲ್ಲಿ, ಮಹಡಿಯ ಮೇಜಿನ ಮೇಲೆ ಹಾಸಿದ 16.5 ಮಿಲಿಮೀಟರ್ ಅಂತರದ ಪುಟ್ಟ ಮಾದರಿ ರೈಲುಹಳಿಯ ಮೇಲೆ ಬೆರಳೆಳೆದರೆ ತುದಿಗೆ ಕಪ್ಪು ಮೆತ್ತಿಕೊಳ್ಳುತ್ತದೆ. ಅಂಥ ಹಳಿಯಲ್ಲಿ ಮಾದರಿ ಎಂಜಿನ್ ತಡವರಿಸಿ ನಿಂತಾಗ ‘ಸಂಕೇತ ತಲುಪಲಿಲ್ಲ’ ಎನ್ನುವುದು ವಾಡಿಕೆಯಾಗಿದ್ದು, ಆ ಮಾತು ಅರ್ಧದಷ್ಟೇ ಸರಿ.

ಹಿಂದೆ ಇಂಥ ಹಳಿಯಲ್ಲಿ ಸಾಮಾನ್ಯವಾಗಿ ನೇರ ವಿದ್ಯುತ್ (ಡಿಸಿ) ಮಾತ್ರ ಹರಿಯುತ್ತಿತ್ತು. ಎಂಜಿನ್ನಿಗೆ ನೆನಪೆಂಬುದೇ ಇರಲಿಲ್ಲವಾದ್ದರಿಂದ ಕೊಳೆಯ ಮೇಲೆ ಮುಗ್ಗರಿಸಿದರೂ ಮರೆಯುವಂಥದ್ದೇನೂ ಇರಲಿಲ್ಲ. 1990ರ ದಶಕದಲ್ಲಿ, ಜರ್ಮನಿಯ ಲೆನ್ಜ್ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಎಂಬ ಮಾನದಂಡವನ್ನು ರೂಪಿಸಿದ ಮೇಲೆ, ಅವೇ ಎರಡು ಹಳಿಗಳು ವಿದ್ಯುತ್ತಿನೊಂದಿಗೆ ಆಜ್ಞೆಯನ್ನೂ ಹೊರಬೇಕಾಯಿತು.

ಈ ಪದ್ಧತಿಯಲ್ಲಿ ಹಳಿಗಳ ಧ್ರುವ ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತದೆ. ಒಂದು-ಸೊನ್ನೆಗಳ ಸಾಲಾಗಿ ಬರುವ ಆಜ್ಞೆಯನ್ನು ಎಂಜಿನ್ನಿನೊಳಗೆ ಕೂತು ಓದುವ ಪುಟ್ಟ ಫಲಕವೇ ಡಿಕೋಡರ್. ಅದು ಅಳೆಯುವುದು ಎರಡು ಬದಲಾವಣೆಗಳ ನಡುವೆ ಕಳೆದ ಹೊತ್ತನ್ನು: 58 ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿದ್ದರೆ ಅದು ‘ಒಂದು’, 100 ಅಥವಾ ಹೆಚ್ಚಾದರೆ ‘ಸೊನ್ನೆ’. ‘ಒಂದು’ ಎಂದು ಒಪ್ಪಲು 52ರಿಂದ 64ರವರೆಗೆ ಸಡಿಲಿಕೆಯೂ ಉಂಟು. ಪ್ರತಿ ಸಂದೇಶದ ಮೊದಲು ಕನಿಷ್ಠ 14 ‘ಒಂದು’ಗಳ ಪೀಠಿಕೆ ಬರುತ್ತದೆ, ಕೊನೆಗೆ ಹಿಂದಿನದನ್ನೆಲ್ಲ ತಾಳೆ ನೋಡುವ ಬೈಟ್ ಇರುತ್ತದೆ. ತಾಳೆಯಾಗದಿದ್ದರೆ ಡಿಕೋಡರ್ ಇಡೀ ಸಂದೇಶವನ್ನು ಕೈಬಿಡುತ್ತದೆ. ಸರಳ ಸಂದೇಶವೊಂದಕ್ಕೆ ಹತ್ತು ಮಿಲಿಸೆಕೆಂಡೂ ಬೇಕಿಲ್ಲ; ನಿಯಂತ್ರಕವು ವೇಗದ ಆಜ್ಞೆಯನ್ನು ಮತ್ತೆ ಮತ್ತೆ ಕಳುಹಿಸುತ್ತಲೇ ಇರುವುದರಿಂದ ಒಂದೆರಡು ಸಂದೇಶ ಕೆಟ್ಟರೂ ನೋಡುವವರಿಗೆ ತಿಳಿಯುವುದಿಲ್ಲ.

ತಿಳಿಯುವುದು ವಿದ್ಯುತ್ ಕಡಿದಾಗ. ಡಿಕೋಡರಿನ ಸಂಸ್ಕಾರಕಕ್ಕೂ (ಪ್ರೊಸೆಸರ್) ಮೋಟಾರಿಗೂ ಊಟ ಅದೇ ಕೊಳಕು ಹಳಿಯಿಂದಲೇ ಬರಬೇಕು. ಫಲಕದ ಮೇಲಿನ, ವಿದ್ಯುತ್ತನ್ನು ಕ್ಷಣಕಾಲ ಕೂಡಿಡುವ ಸಣ್ಣ ಕೆಪಾಸಿಟರ್ ಬರಿದಾದರೆ ಸಂಸ್ಕಾರಕ ಮೊದಲಿನಿಂದ ಶುರುವಾಗಬೇಕಾಗುತ್ತದೆ. ಸದ್ದು ಮಾಡುವ ಎಂಜಿನ್ನಾದರೆ ಗುಡುಗುತ್ತಿದ್ದ ಡೀಸೆಲ್ ಥಟ್ಟನೆ ಅಡಗಿ, ಮತ್ತೆ ಸ್ಟಾರ್ಟಾಗುವ ಸದ್ದಿನಿಂದಲೇ ತೊಡಗುವುದುಂಟು. ಓದುವ ತರ್ಕ ಇಷ್ಟು ಗಟ್ಟಿಯಾಗಿದ್ದಾಗ ಉಣ್ಣುವ ವ್ಯವಸ್ಥೆ ಇಷ್ಟು ಬಡವಾಗಿ ಉಳಿದದ್ದು ವಿಚಿತ್ರವೇ ಸರಿ. ಬಹುಕಾಲ ಅದರ ಭಾರವೆಲ್ಲ ಬಟ್ಟೆ ಹಿಡಿದ ಕೈಗಳ ಮೇಲೆಯೇ ಬಿತ್ತು. ಉಪ್ಪುಕಾಗದದಿಂದ ಉಜ್ಜಿದವರ ಹಳಿಗಳಲ್ಲಿ ಗೀರು ಬಿದ್ದು, ಅಲ್ಲಿ ಮಸಿ ಇನ್ನಷ್ಟು ಕೂತಿತು.

ಈಗ ದೊಡ್ಡ ಕೆಪಾಸಿಟರುಗಳನ್ನು ಜೋಡಿಸಿ, ಕೊಳೆಯ ಜಾಗ ದಾಟುವ ತನಕ ಡಿಕೋಡರನ್ನು ಎಚ್ಚರವಾಗಿಡುತ್ತಾರೆ. ಆದರೆ ಹಳಿಯ ವಿದ್ಯುತ್ ಬೇಕೆಂದೇ ಕಡಿದರೂ ಅಂಥ ಎಂಜಿನ್ ಕೆಲ ಕ್ಷಣ ಓಡಬಲ್ಲದು. ಮೇಜಿನ ಅಂಚು ಹತ್ತಿರವಿದ್ದರೆ ಅಷ್ಟೇ ಸಾಕು.